ಒಂದೇ ಕರೆಗೆ ಓ ಅಂದದ್ದು

ನಾನು ಕನ್ನಡಕ ಮಾರುವವಳು. ಬೆಳಗಾವಿಯ ಶಹಾಪುರದಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಅಪ್ಪ ಹಾಕಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಜನರ ಕಣ್ಣಿನ ಮುಂದೆ ಗಾಜು ಬದಲಿಸುತ್ತ, ಈಗ ಹೇಗೆ ಕಾಣುತ್ತದೆ, ಈಗ ಹೇಗೆ ಎಂದು ಕೇಳುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹಾಗಾಗಿ ಕಂಡದ್ದು ಬೇರೆ, ಕಂಡಂತಾದದ್ದು ಬೇರೆ ಎಂಬುದು ನನಗೆ ಬೇರೆಯವರಿಗಿಂತ ತುಸು ಹೆಚ್ಚೇ ಗೊತ್ತು. ಯಾರಾದರೂ ಬಂದು ಹುಣಸೆಮರದ ಕೆಳಗೆ ಬಿಳಿ ಸೀರೆ ಕಂಡೆ ಎಂದು ಕಣ್ಣರಳಿಸಿದರೆ, ಕುಂದರ್ರಿ, ನಂಬರ ಬದಲಾಗಿರಬೇಕು ಎಂದು ಸ್ಟೂಲು ಎಳೆದು ಕೊಡುತ್ತಿದ್ದೆ.

ಮನೆಯಲ್ಲೂ ದೆವ್ವ ಭೂತದ ಮಾತಿಗೆ ಜಾಗ ಇರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಎಂಥ ದೆವ್ವ ಎಂದು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಇಂಥ ನಾನು ಈಗ ಬರೆಯಹೊರಟಿರುವುದನ್ನು ಓದಿ ನಮ್ಮ ಓಣಿಯ ಕೆಲವರು ನಗುತ್ತಾರೆ, ಗೊತ್ತು. ನಗಲಿ. ಇಷ್ಟು ವರ್ಷ ಅವರನ್ನು ನಗೆಯಾಡಿದವಳು ನಾನೇ ಅಲ್ಲವೇ.

ಮೊದಲು ಪುಸ್ತಕದ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ಶುರುವಾದದ್ದು ಅದರಿಂದ. ಅಣ್ಣನ ಮಗಳು ಶ್ವೇತಾ ಕಾಲೇಜು ಹುಡುಗಿ. ಅವಳ ಬ್ಯಾಗಿನಲ್ಲಿ ಪಠ್ಯಪುಸ್ತಕಕ್ಕಿಂತ ಕಪ್ಪು ರಟ್ಟಿನ ಕಾದಂಬರಿಗಳೇ ಜಾಸ್ತಿ. ಡಾರ್ಕ್ ಫ್ಯಾಂಟಸಿ ಅಂತಾರೆ ಅದಕ್ಕೆ ಎಂದು ಅವಳೇ ಹೇಳಿಕೊಟ್ಟಳು. ದೊಡ್ಡವರಾಗಿ ರಾಕ್ಷಸರ ಕತೆ ಓದುವುದೇ ಎಂದು ನಾನು ಮೂಗು ಮುರಿದೆ. "ಅತ್ತಿ, ಒಮ್ಮಿ ಓದಿ ನೋಡು, ಆಮ್ಯಾಲೆ ಬೈ" ಎಂದು ಮೂರು ಭಾಗಗಳ ಒಂದು ಕಾದಂಬರಿಯನ್ನು ಅಂಗಡಿಯ ಟೇಬಲ್ಲಿನ ಮೇಲೆ ಇಟ್ಟು ಹೋದಳು. ಒಂದೊಂದು ಭಾಗವೂ ಇಟ್ಟಂಗಿಯಷ್ಟು ದಪ್ಪ.

ಗಿರಾಕಿ ಇಲ್ಲದ ಹೊತ್ತಿನಲ್ಲಿ, ಬೈಯುವುದಕ್ಕಾದರೂ ಓದಬೇಕಲ್ಲ ಎಂದು ತೆರೆದೆ. ಸೂರ್ಯ ಹುಟ್ಟದ ಒಂದು ಊರು. ಸುತ್ತ ಗೋಡೆ. ಗೋಡೆಯಾಚೆ ಹಸಿದುಕೊಂಡಿರುವ ಏನೋ ಒಂದು, ಅದು ಜನರ ಹೆಸರು ಹಿಡಿದು ಕರೆಯುತ್ತದೆ. ಓಗೊಟ್ಟವರು ಹೋದರು ಎಂದೇ ಲೆಕ್ಕ. ಆ ಊರಿನಲ್ಲಿ ಉಪ್ಪು ಮಾರಿಕೊಂಡಿರುವ ಒಬ್ಬ ಹೆಣ್ಣುಮಗಳ ಕತೆ ಅದು. ಎರಡು ದಿನದಲ್ಲಿ ನನಗೆ ಊಟದ ಕಡೆ ಲಕ್ಷ್ಯ ಇಲ್ಲದಂತಾಯಿತು. ಒಲೆಯ ಮೇಲೆ ಹಾಲು ಉಕ್ಕಿತು. ಒಬ್ಬರ ಕನ್ನಡಕವನ್ನು ಇನ್ನೊಬ್ಬ ಹಿರಿಯರಿಗೆ ಕೊಟ್ಟು ಕಳಿಸಿದೆ. ಆ ಹಿರಿಯರು ಓಣಿಯ ತುದಿಯವರೆಗೆ ಹೋಗಿ ವಾಪಸು ಬಂದು, ಅಕ್ಕಾರ, ಶಹಾಪುರೆಲ್ಲಾ ಡೊಂಕ ಕಾಣಾಕತ್ತೈತಿ ಎಂದರು.

ಎಲ್ಲರೂ ಒಳ್ಳೆಯವರಾಗಿ, ಕೊನೆಗೆ ಎಲ್ಲ ಸರಿಹೋಗುವ ಕಾದಂಬರಿಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಓದುತ್ತ ಓದುತ್ತ ನಿದ್ದೆಯನ್ನೂ ಮಾಡಿದ್ದೇನೆ. ಇದು ಹಾಗಿರಲಿಲ್ಲ. ಇಲ್ಲಿಯ ಜನ ಹೆದರುತ್ತಾರೆ, ಹೆದರಿಕೊಂಡೇ ಕತ್ತಲೆಯಲ್ಲಿ ಹೆಜ್ಜೆ ಇಡುತ್ತಾರೆ. ಅದು ನನಗೆ ಬಹಳ ಹಿಡಿಸಿತು. ಶ್ವೇತಾಳನ್ನು ಬೈಯುವ ಕೆಲಸ ಹಾಗೇ ಉಳಿಯಿತು.

ಇದು ಎರಡು ವರ್ಷದ ಹಿಂದಿನ ಮಾತು, ಬೇಸಿಗೆ. ಎರಡನೆಯ ಭಾಗದ ನಡುವೆ ಇದ್ದಾಗ ಅಕ್ಕನ ಫೋನು ಬಂತು. ಅಕ್ಕ ಶಾರದಾಳನ್ನು ಕೊಟ್ಟಿರುವುದು ಖಾನಾಪುರ ತಾಲ್ಲೂಕಿಗೆ, ಹಲಸಿಯ ಹಾದಿಯಲ್ಲಿ ಒಂದು ಹಳ್ಳಿ. ಸಂಡಿಗೆ ಹಾಕುತ್ತಿದ್ದೇನೆ, ಕವಳಿಕಾಯಿ ಉಪ್ಪಿನಕಾಯಿ ಮಾಡಿಕೊಡುತ್ತೇನೆ, ಬಾ ಎಂದಳು. ಅಂಗಡಿಯನ್ನು ಅಣ್ಣನಿಗೆ ಒಪ್ಪಿಸಿ, ಪುಸ್ತಕವನ್ನು ಬ್ಯಾಗಿಗೆ ತುರುಕಿ ಹೊರಟೆ.

ಆ ಊರಿನಲ್ಲಿ ಒಂದು ವಾಡಿಕೆ ಇದೆ. ನಡುಮಧ್ಯಾಹ್ನ ಇಲ್ಲವೇ ಮುಸ್ಸಂಜೆ, ಗಿಡಗಂಟಿಯ ಕಡೆಯಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓ ಅನ್ನುವುದಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ ಕರೆದರೆ ಮಾತ್ರ ಓಗೊಡುತ್ತಾರೆ. ಬದುಕಿದವರು ಮೂರು ಸಲ ಕರೆಯುತ್ತಾರಂತೆ; ಬದುಕಿಲ್ಲದ್ದು ಒಮ್ಮೆ ಕರೆದು ಸುಮ್ಮನೆ ಕಾಯುತ್ತದಂತೆ. ಮದುವೆಯಾದ ಹೊಸತರಲ್ಲಿ ಅಕ್ಕ ಇದನ್ನು ಹೇಳಿ ಬಿದ್ದು ಬಿದ್ದು ನಕ್ಕಿದ್ದಳು. ವರ್ಷ ತುಂಬುವುದರೊಳಗೆ ಅವಳೂ ಮೂರನೆಯ ಕರೆಗೇ ಓ ಅನ್ನುವವಳಾದಳು. ಹಾಗಾದರೆ ನನ್ನ ಫೋನನ್ನೂ ಮೂರನೆಯ ಸಲಕ್ಕೇ ಎತ್ತುತ್ತೀಯಾ ಎಂದು ನಾನು ಕಾಡಿಸುತ್ತಿದ್ದೆ. ಊರು ನಡೆದಂತೆ ನಡೆಯಬೇಕು ಬಿಡು ಎಂದು ಅವಳು ಮಾತು ತೇಲಿಸುತ್ತಿದ್ದಳು.

ನಾನು ಹೋದ ಮರುದಿನ ಮಾಮಾ, ಅಂದರೆ ಅಕ್ಕನ ಗಂಡ, ಪಂಪಿನ ರಿಪೇರಿಗೆಂದು ಖಾನಾಪುರಕ್ಕೆ ಹೋಗಿದ್ದರು. ಅಕ್ಕ ನಾಷ್ಟಾ ಮುಗಿಸಿ ಬುಟ್ಟಿ ಹಿಡಿದು ಕವಳಿಕಾಯಿ ಹರಿಯಲು ಹೊರಟಳು. ನಾನೂ ಬರುತ್ತೇನೆ ಎಂದರೆ, ಮುಳ್ಳಿನಲ್ಲಿ ನಿನ್ನದೇನು ಕೆಲಸ, ಕುಳಿತು ನಿನ್ನ ರಾಕ್ಷಸರನ್ನು ಓದು, ಊಟದ ಹೊತ್ತಿಗೆ ಬರುತ್ತೇನೆ ಎಂದಳು. ಅಂಗಳದಲ್ಲಿ ಹಳೆಯ ನೂಲಿನ ಸೀರೆ ಹಾಸಿ ಸಂಡಿಗೆ ಹಾಕಿದ್ದರು. ಬಾಜು ಮನೆಯ ಪಾರೂಬಾಯಿ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ಪಾರೂಬಾಯಿ ಮನೆಯಲ್ಲಿ ಮರಾಠಿ ಆಡುವವಳು. ಅಕ್ಕ ಮತ್ತು ಅವಳು ಎರಡು ಮನೆಯ ಒಂದೇ ಜೀವ ಎನ್ನುವಂತೆ ಇದ್ದಾರೆ. ನಾನು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕಾದಂಬರಿ ತೆರೆದೆ.

ಓದುತ್ತ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಉಪ್ಪು ಮಾರುವವಳ ತಂಗಿ ಗೋಡೆಯಾಚೆ ಸಿಕ್ಕಿಬೀಳುವ ಭಾಗ ಅದು. ಹೊರಗಿನಿಂದ ಒಂದೇ ಒಂದು ಕರೆ ಬರುತ್ತದೆ, ತಂಗಿಯದೇ ದನಿ. ಓಗೊಡಬಾರದು ಎಂಬ ಊರಿನ ಕಟ್ಟಳೆಗೆ ಹೆದರಿ ಇವಳು ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತಾಳೆ. ಕಾವಲಿನ ಗಂಟೆ ಬಾರಿಸಿ ಬಾಗಿಲು ತೆರೆದಾಗ ತಂಗಿ ಅಲ್ಲೇ ಸತ್ತು ಬಿದ್ದಿರುತ್ತಾಳೆ, ಬಾಗಿಲಿನ ಹೊರಮೈ ಮೇಲೆ ಉಗುರಿನ ಗೆರೆಗಳು. ಕರೆದದ್ದು ತಂಗಿಯೇ. ನನಗೆ ಎಷ್ಟು ಸಿಟ್ಟು ಬಂತೆಂದರೆ ಪುಸ್ತಕವನ್ನು ಪಟ್ಟನೆ ಮುಚ್ಚಿ, "ಓ ಅಂದಿದ್ರ ನಿನ್ನ ಗಂಟೇನ ಹೋಗತಿತ್ತು, ಮೂಳಿ" ಎಂದು ಗಟ್ಟಿಯಾಗಿ ಬೈದೆ. ಯಾರನ್ನು ಬೈಯುತ್ತಿದ್ದಾಳೆ ಇವಳು ಎಂದು ಪಾರೂಬಾಯಿ ತಿರುಗಿ ನೋಡಿದಳು.

ಆಗ ಕರೆ ಬಂತು. ಹಿತ್ತಲ ಬೇಲಿಯಾಚೆ, ಗೋಡಂಬಿ ಗಿಡಗಳ ಕಡೆಯಿಂದ. ಒಂದೇ ಸಲ. "ಗುಬ್ಬೀ" ಎಂದು.

ಇದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ. ಹೆಣ್ಣು ದನಿ. ಗುರುತಿನದು, ಆದರೆ ಯಾರದು ಎಂದರೆ ಹೇಳಲಾರೆ. ಗುಬ್ಬಿ ಎಂದು ನನ್ನನ್ನು ಕರೆಯುತ್ತಿದ್ದವಳು ಅವ್ವ ಒಬ್ಬಳೇ, ಅವಳು ತೀರಿಕೊಂಡು ಬಹಳ ವರ್ಷ ಆಯಿತು. ಅಕ್ಕ ನನ್ನನ್ನು ತಂಗಿ ಅನ್ನುತ್ತಾಳೆ. ಆದರೆ ಆ ಕ್ಷಣದಲ್ಲಿ ಇದೊಂದೂ ನನಗೆ ಹೊಳೆಯಲಿಲ್ಲ. ಉಪ್ಪಿನವಳ ಮೇಲಿನ ಸಿಟ್ಟು ಇನ್ನೂ ನೆತ್ತಿಯಲ್ಲಿತ್ತು. ಅವಳು ಅನ್ನದ್ದನ್ನು ನಾನಾದರೂ ಅಂದುಬಿಡುತ್ತೇನೆ ಎನ್ನುವ ಹಾಗೆ, ಬೇಲಿಯ ಮೇಲಿನ ಕಾಗೆಗಳು ಹಾರಿಹೋಗುವಷ್ಟು ಗಟ್ಟಿಯಾಗಿ, ಓ ಎಂದೆ.

ಪಾರೂಬಾಯಿ ಕೋಲು ಬಿಟ್ಟು ಓಡಿಬಂದು ನನ್ನ ಕೈ ಹಿಡಿದಳು. "ಯಾಕ ಓ ಅಂದಿ ತಂಗೀ? ಒಂದ ಸರ್ತಿ ಕರದೈತಿ ಅದು."

ನಿನಗೂ ಕೇಳಿಸಿತೇ ಎಂದೆ. ಹೌದು ಎಂದು ತಲೆ ಆಡಿಸಿದಳು. ಹಾಗಾದರೆ ಅಕ್ಕನೇ ಇರಬೇಕು, ಊಟದ ಹೊತ್ತು ಮೀರಿಹೋಗಿದೆ ಎಂದು ನನಗೆ ಆಗ ಎಚ್ಚರವಾಯಿತು. ಫೋನು ಮಾಡಿದೆ, ಅದು ಒಳಗೆ ಗೋಡೆಯ ಮಾಡದಲ್ಲಿ ಚಾರ್ಜಿಗೆ ಇಟ್ಟಲ್ಲೇ ಬಾರಿಸಿಕೊಂಡಿತು. ಪಾರೂಬಾಯಿ ಬೇಡ ಬೇಡ ಎನ್ನುತ್ತಿದ್ದಂತೆ ಚಪ್ಪಲಿ ಮೆಟ್ಟಿ ಹೊರಟೆ. ಅವಳು ಬೇಲಿಯವರೆಗೆ ಬಂದು ಅಲ್ಲೇ ನಿಂತಳು. ನನಗೂ ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಕಾಲು ಮುಂದೆ ಹೋಗುತ್ತಿದ್ದವು.

ಗೋಡಂಬಿ ಗಿಡ ದಾಟಿದರೆ ಕವಳಿಯ ಕಂಟಿಗಳು. ಅಲ್ಲಿ ಅಕ್ಕನ ಬುಟ್ಟಿ ಡಬ್ಬು ಬಿದ್ದು ಕಾಯಿ ಚೆಲ್ಲಿದ್ದವು. ಅದರಾಚೆ, ಹಿಂದೆ ಯಾವಾಗಲೋ ಹಂಚಿನ ಮಣ್ಣಿಗಾಗಿ ತೋಡಿ ಬಿಟ್ಟ ಆಳವಾದ ಕುಣಿ ಇದೆ. ಅದರ ಬಾಯಿಯ ಮೇಲೆಲ್ಲ ಬಳ್ಳಿ ಹಬ್ಬಿ ನೆಲ ಯಾವುದು ಕುಣಿ ಯಾವುದು ತಿಳಿಯುವುದಿಲ್ಲ. ಬಳ್ಳಿ ಹರಿದಿತ್ತು. ಬಗ್ಗಿ ನೋಡಿದೆ. ಹಿಂದಿನ ದಿನದ ಅಡ್ಡಮಳೆಯ ಕೆಂಪು ನೀರು ತಳದಲ್ಲಿ ನಿಂತಿತ್ತು. ಅಕ್ಕ ಇಳಿಜಾರಿನಲ್ಲಿ ತಲೆ ಕೆಳಗಾಗಿ ಬಿದ್ದಿದ್ದಳು. ಗದ್ದದವರೆಗೆ ಮುಖವೆಲ್ಲ ರಕ್ತ, ಕೂದಲು ನೀರಿನಲ್ಲಿ. ನೆನೆದ ಮಣ್ಣಿನ ಮೇಲೆ ಮೈ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಇನ್ನೊಂದು ಗೇಣು ಜಾರಿದ್ದರೆ ಮೂಗು ಮುಳುಗುತ್ತಿತ್ತು. ಆದರೆ ಅವಳ ಕಣ್ಣು ತೆರೆದಿದ್ದವು, ನನ್ನನ್ನೇ ನೋಡುತ್ತಿದ್ದವು.

ಪಾರೂಬಾಯೀ ಎಂದು ಕೂಗಿದೆ. ಉತ್ತರ ಇಲ್ಲ. ಬೇಲಿಯ ಹತ್ತಿರವೇ ಇದ್ದಾಳೆ, ಕೇಳಿಸಿಯೇ ಇದೆ, ಆದರೂ ಉತ್ತರ ಇಲ್ಲ. ಆಗ ನೆನಪಾಯಿತು. ಅಂಥ ಹೊತ್ತಿನಲ್ಲೂ ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇನ್ನೊಮ್ಮೆ ಕೂಗಿದೆ, ಮತ್ತೊಮ್ಮೆ ಕೂಗಿದೆ. ಮೂರನೆಯದಕ್ಕೆ, ಓ ಬಂದೆ ಎಂಬ ದನಿ ಗೋಡಂಬಿ ಗಿಡಗಳ ನಡುವಿನಿಂದ ಬಂತು. ಅಕ್ಕ ಬಿದ್ದಿದ್ದಾಳೆ, ಹಗ್ಗ ತಾ ಎಂದೆ. ಅವಳು ಹಗ್ಗ ಹುಡುಕುತ್ತ ಕೂರಲಿಲ್ಲ. ಅಂಗಳಕ್ಕೆ ಓಡಿ, ಬೆಳಗಿನಿಂದ ಕಾಗೆ ಕಾಯ್ದ ಸಂಡಿಗೆಯನ್ನೆಲ್ಲ ಝಾಡಿಸಿ ಚೆಲ್ಲಿ, ಆ ನೂಲಿನ ಸೀರೆಯನ್ನೇ ಎಳೆದುಕೊಂಡು ಬಂದಳು.

ನಾನು ಕುಳಿತುಕೊಂಡೇ ಜಾರಿ ಕೆಳಗಿಳಿದೆ. ಸೀರೆಯನ್ನು ಅಕ್ಕನ ಕಂಕುಳಿನ ಕೆಳಗೆ ಸುತ್ತಿ ಗಂಟು ಹಾಕಿದೆ. ಅಕ್ಕ ಏನು ಕಡ್ಡಿಯಂಥವಳಲ್ಲ, ತುಂಬಿದ ಮೈಯವಳು. ಪಾರೂಬಾಯಿ ಮೇಲೆ ಗೋಡಂಬಿ ಬೊಡ್ಡೆಗೆ ಕಾಲು ಕೊಟ್ಟು ಎಳೆದಳು, ನಾನು ಕೆಳಗಿನಿಂದ ಹೆಗಲು ಕೊಟ್ಟು ನೂಕಿದೆ. ಎರಡು ಸಲ ಜಾರಿ ಮೂವರೂ ಮಣ್ಣಾದೆವು. ಕೊನೆಗೊಮ್ಮೆ ಅಕ್ಕನ ಮೈ ದಂಡೆಯ ಮೇಲೆ ಬಂದು ಬಿದ್ದಾಗ ಪಾರೂಬಾಯಿ ಮರಾಠಿಯಲ್ಲಿ ದೇವರನ್ನು ನೆನೆದಳು, ನಾನು ಬಸವಣ್ಣಾ ಎಂದೆ. ಇಬ್ಬರು ಹೆಂಗಸರು ಸೇರಿ ಸಾವಿನ ಬಾಯಿಂದ ಒಬ್ಬಳನ್ನು ಎಳೆದು ತಂದಿದ್ದೆವು. ನನ್ನ ಜನ್ಮದಲ್ಲಿ ಅಷ್ಟು ಖುಷಿ ನಾನು ಯಾವತ್ತೂ ಪಟ್ಟಿರಲಿಲ್ಲ.

ರಸ್ತೆಯಲ್ಲಿ ಟಂಟಂ ರಿಕ್ಷಾ ಸಿಕ್ಕಿತು. ಮಾಮಾ ಖಾನಾಪುರದಲ್ಲಿ ಹತ್ತಿಕೊಂಡರು. ಬೆಳಗಾವಿಯ ಆಸ್ಪತ್ರೆಯಲ್ಲಿ ಎಡಗೈ ಮುರಿದಿದೆ, ಕೆಳದವಡೆ ಎರಡು ಕಡೆ ಮುರಿದಿದೆ ಎಂದರು. ನಾನು ಡಾಕ್ಟರಿಗೆ, ಇವಳು ಅಲ್ಲಿಂದ ನನ್ನನ್ನು ಕೂಗಿದ್ದಕ್ಕೆ ಗೊತ್ತಾಯಿತು ಎಂದೆ. ಅವರು ಎಕ್ಸರೇ ತೋರಿಸಿ, ಈ ದವಡೆಯಿಂದ ನರಳಬಹುದು ಅಷ್ಟೇ, ಅಷ್ಟು ದೂರಕ್ಕೆ ಕೇಳುವಂತೆ ಹೆಸರು ಹಿಡಿದು ಕೂಗುವುದು ಆಗದ ಮಾತು ಎಂದರು. ಬೀಳುವ ಮೊದಲೇ ಕೂಗಿರಬೇಕು ಎಂದುಕೊಂಡೆ. ಆದರೆ ನಾವು ಹೋದಾಗ ಗಾಯದ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು. ಅವಳು ಬಿದ್ದು ಬಹಳ ಹೊತ್ತಾಗಿತ್ತು.

ಹಲ್ಲುಗಳನ್ನು ತಂತಿಯಿಂದ ಕಟ್ಟಿ, ಕೆಲವು ವಾರ ಬಾಯಿ ತೆರೆಯುವ ಹಾಗಿಲ್ಲ ಎಂದು ಅಕ್ಕನನ್ನು ಕಳಿಸಿದರು. ಆಸ್ಪತ್ರೆಗೆ ಹತ್ತಿರ ಇರಲಿ ಎಂದು ಶಹಾಪುರದ ನಮ್ಮ ಮನೆಗೇ ಕರೆತಂದೆ. ಕೆಲವು ದಿನದ ಮೇಲೆ ಪಾರೂಬಾಯಿ ನೋಡಲು ಬಂದಳು, ಬಾಯಿ ತೆರೆಯದವಳಿಗೆ ಒಂದು ಡಬ್ಬಿ ತುಂಬ ಸಂಡಿಗೆ ಹಿಡಿದುಕೊಂಡು. ಚಹಾ ಕುಡಿಯುತ್ತ ಅವಳು, ಅವತ್ತು ನನ್ನನ್ನು ಕರೆದದ್ದಕ್ಕೆ ನೀ ಯಾಕೆ ಓ ಅಂದೆ ಎಂದು ಕೇಳಿದಳು. ನಿನ್ನನ್ನೆಲ್ಲಿ, ಅದು ನನ್ನನ್ನು ಕರೆದದ್ದು ಎಂದೆ.

"ಇಲ್ಲ ತಂಗೀ. ಪಾರೇ ಅಂತ ಖರೇ ಕೇಳಿಸ್ತು. ನನ್ನ ಹಡದ ಆಯಿ ಒಬ್ಬಾಕಿನ ನನಗ ಹಂಗ ಕರೀತಿದ್ಲು."

ನಾನು ಕಪ್ಪು ಕೆಳಗಿಟ್ಟೆ. ಒಂದೇ ಅಂಗಳದಲ್ಲಿ, ಒಂದೇ ಸಲಕ್ಕೆ, ಒಂದೇ ದಿಕ್ಕಿನಿಂದ ಬಂದ ಒಂದೇ ಕರೆ. ಅವಳಿಗೆ ಅವಳ ಹೆಸರು, ನನಗೆ ನನ್ನದು. ಕಾದಂಬರಿ ಓದಿ ಓದಿ ನನ್ನ ಕಿವಿ ಕೆಟ್ಟಿತ್ತು ಎನ್ನೋಣ. ಪಾರೂಬಾಯಿ ಯಾವ ಕಾದಂಬರಿ ಓದಿದ್ದಳು? ಮಂಚದ ಮೇಲೆ ಅಕ್ಕ ಏನನ್ನೋ ಹೇಳಲು ಒದ್ದಾಡಿ, ಆಗದೆ, ಬಲಗೈಯನ್ನು ಅಡ್ಡಡ್ಡ ಆಡಿಸಿದಳು. ನಮಗೆ ತಿಳಿಯಲಿಲ್ಲ; ಬರೆದು ತೋರಿಸು ಎಂದು ಹಾಳೆ ಕೊಟ್ಟರೆ ಅದನ್ನು ಸರಿಸಿ, ಬಾಯಿ ಬಂದ ಮೇಲೆ ಹೇಳುತ್ತೇನೆ ಎಂಬಂತೆ ತುಟಿಯ ಮೇಲೆ ಬೆರಳಿಟ್ಟಳು.

ಬಾಯಿ ಕಟ್ಟಿದ ಅಕ್ಕನನ್ನು ಹಗಲೆಲ್ಲ ಒಬ್ಬಳೇ ಬಿಡಲಾರದೆ ಅಂಗಡಿಗೆ ಕರೆದುಕೊಂಡು ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಕಾದಂಬರಿಯನ್ನು ಮೊದಲ ಪುಟದಿಂದ ಅವಳಿಗೆ ಓದಿ ಹೇಳತೊಡಗಿದೆ. ಬೇಡ ಎನ್ನಲು ಅವಳಿಗೆ ಬಾಯಿ ಇರಲಿಲ್ಲವಲ್ಲ. ಬಾಜುವಿನ ನೇಕಾರರ ಮಗ್ಗಗಳ ಸದ್ದಿನ ಮೇಲೆ ದನಿ ಏರಿಸಿ ಓದಬೇಕಾದ್ದರಿಂದ ಓಣಿಗೂ ಕೇಳಿಸುತ್ತಿತ್ತು. ಕನ್ನಡಕಕ್ಕೆ ಬಂದವರು ಕತೆಗೆ ಕುಳಿತರು. ಡೊಂಕು ಕಂಡಿದ್ದ ಆ ಹಿರಿಯರು ದಿನಾ ಬರತೊಡಗಿದರು. ಉಪ್ಪಿನವಳು ತಂಗಿಗೆ ಓ ಅನ್ನದ ಪುಟಕ್ಕೆ ಬಂದಾಗ ಅಕ್ಕ ಬೆಂಚನ್ನು ಧಡಧಡ ಗುದ್ದಿದಳು. ಮೂರನೆಯ ಭಾಗದ ಕೊನೆಯಲ್ಲಿ ಅದೇ ಉಪ್ಪಿನವಳು ಗೋಡೆ ಹತ್ತಿ, ಕತ್ತಲೆಗೆ ಎದೆ ಕೊಟ್ಟು ನಿಂತು, ಕರೆದ ಎಲ್ಲರಿಗೂ ಓ ಅನ್ನುತ್ತಾಳೆ. ಅದನ್ನು ಓದಿ ಮುಗಿಸಿದ ದಿನ ನಮ್ಮ ಪುಟ್ಟ ಅಂಗಡಿಯಲ್ಲಿ ಚಪ್ಪಾಳೆ ಬಿತ್ತು.

ತಂತಿ ಬಿಚ್ಚಿದ ದಿನ ಅಕ್ಕ ಮೊದಲು ಏನು ಕೇಳುತ್ತಾಳೋ ಎಂದು ಮಾಮಾ ಸಿಹಿಗೆಂದು ಕುಂದಾ ತಂದು ಕೂತಿದ್ದರು. ಅವಳು ಕುಂದಾದ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ತೊದಲುತ್ತ, ಒಂದೊಂದೇ ಮಾತು ಹೇಳಿದಳು.

"ನಾ ಕರೀಲೇ ಇಲ್ಲ ತಂಗೀ. ಬಿದ್ದಾಕಿ ಎಚ್ಚರಾನ ಇರಲಿಲ್ಲ. ನೀ ಓ ಅಂದದ್ದು ಕೇಳಿಸ್ತು. ಅದಕ್ಕ ಕಣ್ಣ ತಗದೆ."

ನಾನು ಓ ಅನ್ನದೇ ಇದ್ದಿದ್ದರೆ ಅವಳು ಕಣ್ಣು ತೆರೆಯುತ್ತಿರಲಿಲ್ಲ. ಅವಳು ಕರೆಯದೇ ನಾನು ಓ ಅಂದೆ. ನಡುವೆ ಕರೆದವರು ಯಾರು? ಕುಣಿಯ ಸುತ್ತ ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ ಎಂದು ಮಾಮಾ ಊರಲ್ಲೆಲ್ಲ ವಿಚಾರಿಸಿ ಬಂದರು. ಗಾಜು ಬದಲಿಸಿ ಬದಲಿಸಿ ನೋಡಿದ್ದೇನೆ, ಯಾವ ನಂಬರಿಗೂ ಇದು ನಿಚ್ಚಳ ಕಾಣುವುದಿಲ್ಲ. ಶ್ವೇತಾ ಮಾತ್ರ, ನೋಡಿದೆಯಾ ಅತ್ತಿ ಎಂದು ಇನ್ನೊಂದು ಕಪ್ಪು ರಟ್ಟಿನ ಪುಸ್ತಕ ತಂದುಕೊಟ್ಟಳು.

ಈ ಬೇಸಿಗೆಯಲ್ಲಿ ಮತ್ತೆ ಅಕ್ಕನ ಊರಿಗೆ ಹೋಗಿದ್ದೆ. ಮಾಮಾ ಆ ಕುಣಿಯನ್ನು ಮಣ್ಣು ಹಾಕಿಸಿ ಮುಚ್ಚಿಸಿದ್ದಾರೆ. ಅಂಗಳದಲ್ಲಿ ಅದೇ ಸೀರೆ, ಅದೇ ಸಂಡಿಗೆ, ನಾವು ಮೂವರು. ಬಿಸಿಲು ನೆತ್ತಿಗೆ ಬಂದಿತ್ತು. ಗೋಡಂಬಿ ಗಿಡಗಳ ಕಡೆಯಿಂದ ಒಂದು ಕರೆ ಬಂತು, ಒಂದೇ ಒಂದು. ಯಾರ ಹೆಸರು ಎಂದು ಯಾರೂ ಕೇಳಲಿಲ್ಲ. ಪಾರೂಬಾಯಿ ಎಲ್ಲರಿಗಿಂತ ಮೊದಲು ಓ ಅಂದಳು, ಅವಳ ಹಿಂದೆಯೇ ನಾವಿಬ್ಬರೂ ಅಂದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಹೋಗಿ ನೋಡೂಣು ನಡೀರಿ" ಎಂದು ಅಕ್ಕ ಕಾಗೆಯ ಕೋಲು ಹಿಡಿದು ಮುಂದೆ ನಡೆದಳು. ನಾವು ಹಿಂದೆ. ಗಿಡಗಂಟಿ, ಹಳ್ಳದ ದಂಡೆ, ಮುಚ್ಚಿದ ಕುಣಿಯ ಸುತ್ತ ಎಲ್ಲ ನೋಡಿದೆವು. ಯಾರೂ ಬಿದ್ದಿರಲಿಲ್ಲ, ಯಾರೂ ಇರಲಿಲ್ಲ. ಕುಣಿಗೆ ಹಾಕಿದ ಮಣ್ಣಿನ ಸುತ್ತ ಕವಳಿಯ ಕಂಟಿಗಳು ಮಾತ್ರ ಹಣ್ಣು ಹೊತ್ತು ಬಾಗಿದ್ದವು. ಮೂವರೂ ಸೆರಗೊಡ್ಡಿ ಹಣ್ಣು ಹರಿದೆವು, ಉಡಿ ತುಂಬಿಕೊಂಡು ಮನೆಗೆ ಬಂದೆವು.